ಬೂದಿಯ ಆರನೆಯ ದಿನ

ನನ್ನ ನಾಯಿ ಬೂದಿ ಹಾಲಿನವಳ ಕಾಲು ಕಚ್ಚಿದ್ದು ಒಂದು ಮಂಗಳವಾರ, ಬೆಳಿಗ್ಗೆ ಆರೂವರೆಗೆ. ಹಾಗೆಂದು ನನ್ನ ನೋಟ್‌ಬುಕ್ಕು ಹೇಳುತ್ತದೆ. ನನ್ನ ನೆನಪಿನಲ್ಲಿ ಅದು ಗುರುವಾರ, ಏಕೆಂದರೆ ಸೊಳ್ಳೆ ಔಷಧಿ ಹೊಡೆಯುವವರು ಪಂಪು ಹೊತ್ತು ಗೇಟಿನ ಬಳಿ ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ, ಅವರು ಬರುತ್ತಿದ್ದದ್ದು ಗುರುವಾರ ಮಾತ್ರ. ನೋಟ್‌ಬುಕ್ಕು ಅಂದೇ ಬರೆದದ್ದು. ನೆನಪು ಎಷ್ಟೋ ವರ್ಷಗಳಿಂದ ತನ್ನನ್ನು ತಾನೇ ತಿದ್ದಿಕೊಳ್ಳುತ್ತ ಬಂದದ್ದು. ಹಾಗಾಗಿ ಮಂಗಳವಾರ ಎಂದೇ ಇಟ್ಟುಕೊಳ್ಳುತ್ತೇನೆ.

ಅರವತ್ತರ ದಶಕದ ಆರಂಭ. ಜಯನಗರದಲ್ಲಿ ರಸ್ತೆಗಳು ಮೊದಲು ಬಂದಿದ್ದವು, ಮನೆಗಳು ಹಿಂದಿನಿಂದ ಒಂದೊಂದಾಗಿ ಬರುತ್ತಿದ್ದವು. ನಾನು ಆ ಬಡಾವಣೆಯ ಹೆಲ್ತ್ ಇನ್‌ಸ್ಪೆಕ್ಟರ್. ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದವನಿಗೆ ಚರಂಡಿ, ಸಿಡುಬಿನ ಲಸಿಕೆ, ಹಾಲಿನ ಪರೀಕ್ಷೆ ಒಪ್ಪಿಸಿದ್ದರು. ಆಫೀಸೆಂದರೆ ಎರಡು ಕೋಣೆಯ ಹೆಂಚಿನ ಕಟ್ಟಡ. ಪಕ್ಕದ ಔಟ್‌ಹೌಸಿನಲ್ಲಿ ನಾನು, ನನ್ನ ಜೊತೆ ಬೂದಿ.

ಬೂದಿ ಸಿಕ್ಕಿದ್ದು ಅದಕ್ಕೂ ಮೂರು ವರ್ಷ ಹಿಂದೆ, ಕಟ್ಟುತ್ತಿದ್ದ ಮನೆಯೊಂದರ ಸುಣ್ಣದ ಗುಂಡಿಯಲ್ಲಿ. ಆಗ ತಾನೇ ನೀರು ಹೊಯ್ದ ಸುಣ್ಣ ಕುದಿಯುತ್ತಿತ್ತು. ಅಂಚಿನಿಂದ ಜಾರಿದ ಮರಿ ಹಿಂಗಾಲುಗಳವರೆಗೆ ಹೂತುಹೋಗಿ, ಮುಂಗಾಲಿನಲ್ಲಿ ಇಟ್ಟಿಗೆ ಹಿಡಿದುಕೊಂಡಿತ್ತು. ನಾನು ಗುಂಡಿಗೆ ಇಳಿದು ಅದನ್ನು ಎತ್ತಿದೆ ಎಂದು ಗೆಳೆಯರಿಗೆಲ್ಲ ಹೇಳಿದ್ದೇನೆ. ಇಳಿದಿದ್ದರೆ ನನ್ನ ಕಾಲಿನ ಮೇಲೂ ಸುಟ್ಟ ಕಲೆ ಇರಬೇಕಿತ್ತು. ಇಲ್ಲ. ಬಹುಶಃ ಗಾರೆಯವನು ಸಲಿಕೆಯಲ್ಲಿ ಎತ್ತಿ ಕೊಟ್ಟಿರಬೇಕು, ನಾನು ಅಂಗಿ ಬಿಚ್ಚಿ ಸುತ್ತಿಕೊಂಡಿರಬೇಕು. ಎರಡು ತಿಂಗಳು ಕೊಬ್ಬರಿ ಎಣ್ಣೆ ಹಚ್ಚಿ ಬದುಕಿಸಿದ್ದು ಮಾತ್ರ ನಿಜ, ಅದಕ್ಕೆ ನಾನೊಬ್ಬನೇ ಸಾಕ್ಷಿ ಅಲ್ಲ, ಓಣಿಯವರೆಲ್ಲ ಸಾಕ್ಷಿ. ಹಿಂಗಾಲುಗಳ ಮೇಲೆ ಮತ್ತೆ ಕೂದಲು ಬರಲಿಲ್ಲ. ಆ ತೆಳು ಚರ್ಮಕ್ಕೆ ಯಾರ ಕೈ ತಾಗಿದರೂ ಅದು ತಿರುಗಿ ಬೀಳುತ್ತಿತ್ತು. ನನ್ನ ಕೈ ಬಿಟ್ಟು.

ಹಾಲಿನವಳು ಸುದ್ದಗುಂಟೆಪಾಳ್ಯದಿಂದ ರಾಗಿ ಹೊಲಗಳ ನಡುವೆ ನಡೆದು ಬರುತ್ತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರರ ಹೆಂಗಸು, ಆಗ ಆರು ತಿಂಗಳ ಬಸುರಿ. ತಿಂಗಳಿಗೊಮ್ಮೆ ಅವಳ ಹಾಲಿಗೆ ಮಾಪಕ ಇಳಿಸಿ ನೀರು ಬೆರೆತಿದೆಯೇ ಎಂದು ನೋಡುವುದು ನನ್ನ ಕೆಲಸ, ಅದನ್ನು ನೆನಪಿಟ್ಟುಕೊಂಡು ದಿನವೂ ಕೆಣಕುವುದು ಅವಳ ಕೆಲಸ. "ಇವತ್ತು ಅದ್ದಲ್ವಾ ಸ್ವಾಮಿ ನಿಮ್ ಗಾಜಿನ್ ಕಡ್ಡಿ? ಎಮ್ಮೆ ಕೇಳ್ತಿತ್ತು." ಆ ಬೆಳಿಗ್ಗೆಯೂ ಅಂಥದ್ದೇ ಏನೋ ಹೇಳುತ್ತ, ನನ್ನ ಕಡೆ ನೋಡುತ್ತ ಹಿತ್ತಾಳೆ ಕ್ಯಾನು ಕೆಳಗಿಟ್ಟಳು. ಮೆಟ್ಟಿಲ ಬಳಿ ಮಲಗಿದ್ದ ಬೂದಿಯ ಹಿಂಗಾಲಿನ ಮೇಲೆ ಅದರ ಅಂಚು ಕುಳಿತಿತು. ಬೂದಿ ಒಂದೇ ಸಲ ಎದ್ದು ಅವಳ ಮೀನಖಂಡಕ್ಕೆ ಹಲ್ಲು ಹಾಕಿ, ತಕ್ಷಣ ಬಿಟ್ಟು, ನನ್ನ ಹಿಂದೆ ಬಂದು ನಿಂತಿತು.

"ಅಯ್ಯಯ್ಯೋ! ನಿಮ್ ಮಗಳು ನನ್ ಕಾಲ್ ತಿಂದ್ಳಲ್ಲ ಸ್ವಾಮಿ!" ಎಂದು ಅವಳು ನಗುತ್ತಲೇ ಕೂಗಿದಳು. ರಕ್ತ ಕಂಡ ಮೇಲೆ ನಗು ನಿಂತಿತು.

ಗಾಯವನ್ನು ಸೋಪು ನೀರಿನಲ್ಲಿ ಹತ್ತು ನಿಮಿಷ ತೊಳೆದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಿಂದಿನಿಂದ ಅವಳ ಅತ್ತೆಯೂ ಓಡಿ ಬಂದರು. ಬೂದಿಗೆ ಹುಚ್ಚಿನ ಲಸಿಕೆ ಹಾಕಿಸಿದ್ದಿರಾ ಎಂದು ಡಾಕ್ಟರು ಕೇಳಿದರು. ಹಾಕಿಸಿದ ಹಾಗೆ ನೆನಪು ಎಂದೆ.

"ಚೀಟಿ ಇದೆಯಾ?"

"ಇಲ್ಲ."

"ಹಾಗಾದ್ರೆ ಹಾಕಿಸಿಲ್ಲ ಅಂತ್ಲೇ ಇಟ್ಕೊಳ್ಳೋಣ" ಎಂದು ಅವರು ನನ್ನ ನೆನಪನ್ನು ಪಕ್ಕಕ್ಕಿಟ್ಟು ಮುಂದಿನ ಕ್ರಮ ಹೇಳಿದರು. ಕಚ್ಚಿದಾಗ ನಾಯಿ ಆರೋಗ್ಯವಾಗಿತ್ತು, ಗಾಯ ಕಾಲಿನದು, ಆಳವಿಲ್ಲ. ನಾಯಿಯನ್ನು ಹತ್ತು ದಿನ ಕೂಡಿಹಾಕಿ ನೋಡುವುದು. ಹತ್ತು ದಿನ ಅದು ಚೆನ್ನಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ವಿಷ ಇರಲಿಲ್ಲವೆಂದು ಅರ್ಥ, ಇವಳಿಗೆ ಏನೂ ಬೇಡ. ನಡುವೆ ನಾಯಿಯಲ್ಲಿ ಲಕ್ಷಣ ಕಂಡರೆ ಅದೇ ದಿನ ಚುಚ್ಚುಮದ್ದು ಶುರುಮಾಡಬೇಕು. ಹೊಕ್ಕುಳ ಸುತ್ತ, ದಿನಕ್ಕೊಂದರಂತೆ, ಹದಿನಾಲ್ಕು.

ಹೊಕ್ಕುಳ ಎಂಬ ಮಾತು ಕೇಳಿದ್ದೇ ಅತ್ತೆ ಸೊಸೆಯ ಹೊಟ್ಟೆಯ ಮೇಲೆ ಕೈ ಇಟ್ಟರು. ಅವರು ಐವತ್ತು ದಾಟಿದ ಗಟ್ಟಿ ಹೆಂಗಸು. ಈ ಸೊಸೆಗೆ ಹಿಂದೆ ಎರಡು ಸಲ ಬಸುರು ಇಳಿದುಹೋಗಿತ್ತು ಎಂಬುದು ನನಗೆ ಆಗ ತಿಳಿಯಿತು.

ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ನಾನು ಅವರಿಬ್ಬರಿಗೂ ಎಲ್ಲವನ್ನೂ ಬಿಡಿಸಿ ಹೇಳಿದೆ. ನಾಯಿ ಬದುಕುವುದು ಒಂದು ಗುರುತು ಮಾತ್ರ, ಅದರಿಂದ ನಮಗೆ ತಿಳಿಯುವುದಿದೆ, ಅದು ಔಷಧಿಯಲ್ಲ, ಇತ್ಯಾದಿ. ಬಿಡಿಸಿ ಹೇಳಿದೆ ಎಂದು ನನಗೆ ನೆನಪು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಆಫೀಸಿನಲ್ಲಿ ಪಂಪಿನವರು ಕಾಯುತ್ತಿದ್ದರು, ಆತುರದಲ್ಲಿದ್ದೆ ಎಂಬುದೂ ನೆನಪು. ಈ ಎರಡೂ ಒಟ್ಟಿಗೆ ಹೇಗೆ ನಿಜವಾದೀತು ಎಂದು ಈಗ ಕೇಳಿಕೊಳ್ಳುತ್ತೇನೆ.

ಬ್ಲೀಚಿಂಗ್ ಪೌಡರಿನ ಚೀಲಗಳನ್ನು ಹೊರಗೆ ಹಾಕಿಸಿ ಆಫೀಸಿನ ಹಿಂದಿನ ಕೋಣೆಯನ್ನು ಬೂದಿಗೆ ಖಾಲಿ ಮಾಡಿದೆ. ಒಂದು ಬಾಗಿಲು, ರಸ್ತೆಯ ಕಡೆಗೆ ಸರಳು ಹಾಕಿದ ಒಂದು ಕಿಟಕಿ. ಬೀಗದ ಕೈ ನನ್ನ ಜೇಬಿನಲ್ಲಿ. ನೋಟ್‌ಬುಕ್ಕಿನಲ್ಲಿ ಹತ್ತು ಪುಟಗಳಿಗೆ ಮೊದಲೇ ಗೆರೆ ಎಳೆದೆ, ದಿನಕ್ಕೊಂದು ಪುಟ. ಅಂಕಣಗಳು ಇವು: ಹೊತ್ತು, ಜ್ವರ, ತಿಂದದ್ದು, ಕುಡಿದ ನೀರು, ನಡಿಗೆ, ದನಿ, ಕಣ್ಣು, ಬಾಯಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರಕ್ಕೆ ತುಂಬಿಸಬೇಕು. ಕಾಲೇಜಿನಲ್ಲಿ ಕಪ್ಪೆಯ ಎದೆಬಡಿತ ಬರೆಯಲು ಕಲಿಸಿದ ರೀತಿಯೇ ಇದು. ಕಿಟಕಿಯ ಹತ್ತಿರ ಯಾರು ಬಂದರು ಎಂಬ ಅಂಕಣ ನಾನು ಎಳೆಯಲಿಲ್ಲ.

ಮೊದಲ ಐದು ದಿನದ ಪುಟಗಳು ಬೇಸರ ಬರುವಷ್ಟು ಒಂದೇ ತರ. ಅನ್ನ ಹಾಲು ತಿಂದಿತು. ನೀರು ಒಂದು ಬೋಗುಣಿ. ನಡಿಗೆ ಸರಿ. ಮೊದಲ ದಿನ ಮಾತ್ರ ಬಾಗಿಲು ಕೆರೆಯಿತು. ಆಮೇಲೆ ನಾನು ನೋಟ್‌ಬುಕ್ಕು ತೆರೆದರೆ ಸಾಕು, ಕೆಲಸ ಶುರುವಾಯಿತೆಂದು ತಿಳಿದು ಬಂದು ಎದುರು ಕೂರುತ್ತಿತ್ತು.

ಹಾಲಿನವಳ ಬದಲು ಈಗ ಅತ್ತೆ ಹಾಲು ತರುತ್ತಿದ್ದರು. ಮನೆಮನೆಗೆ ಹಾಕಿ ಮುಗಿಸಿ, ಹಿಂತಿರುಗುವಾಗ ಕಿಟಕಿಯ ಸರಳು ಹಿಡಿದು ಒಳಗೆ ಇಣುಕುವರು.

"ಅದೆಯಾ?"

"ಇದೆಯಮ್ಮ."

"ಹೆಂಗದೆ?"

"ಚೆನ್ನಾಗಿದೆ. ಇನ್ನು ಆರು ದಿನ."

"ಉಳ್ಕೊಳವ್ವ ತಾಯಿ, ಉಳ್ಕೋ" ಎಂದು ಬೂದಿಗೆ ಹೇಳಿ ಹೋಗುವರು. ಹುಚ್ಚು ಹಿಡಿದೀತೋ ಏನೋ ಎಂದು ನಾನು ನೋಡುತ್ತಿದ್ದ ನಾಯಿಗೆ ಅವರು ದಿನವೂ ಕೈ ಮುಗಿಯುತ್ತಿದ್ದರು. ನನಗೆ ನಗು ಬರುತ್ತಿತ್ತು. ಐದನೆಯ ದಿನ, ಭಾನುವಾರ, ಅವರು ಸಂಜೆಯೂ ಬಂದಿದ್ದರು. ನಾನು ಔಟ್‌ಹೌಸಿನ ಬಾಗಿಲಲ್ಲಿ ಶೇವ್ ಮಾಡಿಕೊಳ್ಳುತ್ತ ಅವರ ಬೆನ್ನು ನೋಡಿದೆ. ಸೆರಗಿನಡಿ ಏನೋ ಇತ್ತು ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಆಗ ಅದನ್ನು ಕಂಡೆನೋ, ಆಮೇಲೆ ತಿಳಿದದ್ದರಿಂದ ಆ ಸೆರಗನ್ನು ತುಂಬಿಕೊಂಡೆನೋ ಹೇಳಲಾರೆ.

ಆರನೆಯ ದಿನ, ಸೋಮವಾರ ಬೆಳಿಗ್ಗೆ ಬಾಗಿಲು ತೆರೆದಾಗ ಬೂದಿ ಏಳಲಿಲ್ಲ. ಮೂಲೆಯಲ್ಲಿ ಗೋಡೆಗೆ ಒರಗಿಕೊಂಡು, ಇಲ್ಲದ ನೊಣವನ್ನು ಹಿಡಿಯುವಂತೆ ಗಾಳಿಗೆ ಬಾಯಿ ಹಾಕುತ್ತಿತ್ತು. ಕರೆದೆ. ಎದ್ದು ಎರಡು ಹೆಜ್ಜೆ ಇಟ್ಟು ಪಕ್ಕಕ್ಕೆ ವಾಲಿ ಬಿತ್ತು. ಬೊಗಳಿದಾಗ ದನಿ ಒಡೆದು ಗೊಗ್ಗರಾಗಿತ್ತು. ಬೋಗುಣಿಯನ್ನು ಕೋಲಿನಿಂದ ಮುಂದೆ ತಳ್ಳಿದೆ. ಮೂತಿ ಇಟ್ಟಿತು, ನುಂಗಲು ನೋಡಿತು, ನೀರು ಬಾಯಿಂದ ಹಾಗೆಯೇ ಆಚೆ ಬಂತು. ಟಾರ್ಚಿನ ಬೆಳಕು ಬಿಟ್ಟೆ. ಕಣ್ಣಿನ ಪಾಪೆಗಳು ಅಗಲಕ್ಕೆ ತೆರೆದುಕೊಂಡಿದ್ದವು, ಬೆಳಕಿಗೆ ಕಿರಿದಾಗಲಿಲ್ಲ.

'ಬಾಯಿ' ಎಂಬ ಅಂಕಣದಲ್ಲಿ ಆ ಬೆಳಿಗ್ಗೆ ನಾನು ಬರೆದಿರುವುದು ಎರಡು ಪದ: 'ಜೊಲ್ಲು, ನೊರೆ.' ನನ್ನದೇ ಅಕ್ಷರ, ನನ್ನದೇ ಇಂಕು. ಆದರೆ ನನ್ನ ಕಣ್ಣ ಮುಂದೆ ಈಗಲೂ ಇರುವುದು ಒಣಗಿದ ನಾಲಿಗೆ. ಬಿಸಿಲಲ್ಲಿ ಬಿದ್ದ ಚರ್ಮದ ತುಂಡಿನಂತೆ ಅಂಗುಳಿಗೆ ಅಂಟಿಕೊಂಡಿದ್ದ ನಾಲಿಗೆ.

ಪಶುವೈದ್ಯರನ್ನು ಕರೆತಂದೆ. ಅವರು ಹಳೆಯ ಪರಿಚಯ, ಬಾಯಿ ಖಾರ, ಕೈ ಮೃದು. ಬಾಗಿಲ ಸಂದಿಯಿಂದ ಬಹಳ ಹೊತ್ತು ನೋಡಿದರು.

"ಹುಚ್ಚೇ ಇರಬಹುದು. ಆದ್ರೆ ಒಂದೇ ರಾತ್ರೀಲಿ ಇಷ್ಟೊಂದಾ? ನಿನ್ನೆ ಸಂಜೆ ಹೇಗಿತ್ತು?"

"ಸರಿಯಾಗಿತ್ತು. ಬರೆದಿದ್ದೀನಿ ನೋಡಿ."

"ಬರೆದಿದ್ದು ಇರಲಿ ರೀ, ನೋಡಿದ್ದು ಹೇಳಿ. ಬಾಯಿ ಒಣಗಿದೆ ಅಲ್ವಾ ಅದು?"

"ನೊರೆ ಇತ್ತು ಬೆಳಿಗ್ಗೆ" ಎಂದೆ.

ಅವರು ನನ್ನ ಮುಖ ನೋಡಿ, ಪುಟ ನೋಡಿದರು. "ಬಿ.ಎಸ್ಸಿ. ಮಾಡಿದೋರ ಹತ್ರ ಇದೇ ಕಷ್ಟ. ನಾಯಿಗಿಂತ ಮುಂಚೆ ನೀವೇ ರೋಗ ಕಂಡ್ಬಿಡ್ತೀರಿ. ನನ್ನ ಕೇಳಿದ್ರೆ ಇನ್ನೆರಡು ದಿನ ಬಿಡಿ. ಹುಚ್ಚಾದ್ರೆ ತಾನೇ ಸಾಯತ್ತೆ, ಮಿದುಳಲ್ಲೂ ಚೆನ್ನಾಗಿ ಕಾಣತ್ತೆ. ಅಲ್ಲದಿದ್ರೆ ಏಳತ್ತೆ. ಅಷ್ಟರಲ್ಲಿ ಆ ಹೆಂಗಸಿಗೆ ಸೂಜಿ ಶುರುಮಾಡಿಸಿ."

ಅದು ಸರಿಯಾದ ಸಲಹೆ. ನಾನು ಸೈಕಲ್ ಹತ್ತಿ ಸುದ್ದಗುಂಟೆಪಾಳ್ಯಕ್ಕೆ ಹೋದೆ.

ಹಾಲಿನವಳು ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಕಾಲಿನ ಗಾಯ ಆಗಲೇ ಒಣಗಿತ್ತು. ವಿಷಯ ಹೇಳಿದೆ, ಈಗಲೇ ಹೊರಡಬೇಕು ಎಂದೆ. ಅತ್ತೆ ಒಳಗಿನಿಂದ ಬಂದು ಕಂಬ ಹಿಡಿದು ನಿಂತರು, ಅವರ ಮುಖದ ಬಣ್ಣ ಹೋಯಿತು. ಮಾತಾಡಿದ್ದು ಸೊಸೆ.

"ನಾಯಿಗೆ ಹುಚ್ಚು ಅಂತ ಗ್ಯಾರಂಟೀನಾ ಸ್ವಾಮಿ?"

"ಗ್ಯಾರಂಟಿ ಅಲ್ಲ. ಅನುಮಾನ."

"ಅನುಮಾನಕ್ಕೆ ಹೊಟ್ಟೆಗೆ ಹದಿನಾಲ್ಕು ಚುಚ್ಚಿಸ್ಕೊಳ್ಳೋದಾ? ಎಲ್ಡು ಹೋದ್ವು ನಂಗೆ. ಈಗ ಇದು ಒದೀತಾ ಅದೆ, ನೋಡಿ ಬೇಕಾದ್ರೆ." ಅವಳು ಕಾಯಿಯನ್ನು ಮೊರಕ್ಕೆ ಎಸೆದಳು. "ಹಾಲಿಗೆ ನೀರು ಬೆರೆಸಿದ್ರೆ ಕಡ್ಡಿ ಅದ್ದಿ ತೋರಿಸ್ತೀರಲ್ಲ, ಇದನ್ನೂ ಹಂಗೇ ತೋರ್ಸಿ. ಹಾಕಿಸ್ಕೋತೀನಿ."

ಡಾಕ್ಟರು ಹೇಳಿದ್ದನ್ನು ಹೇಳಿದೆ, ಬಸುರಿಯರಿಗೂ ಹಾಕುತ್ತಾರೆ ಎಂದೆ, ಹುಚ್ಚು ಏರಿದ ಮೇಲೆ ಯಾವ ಔಷಧಿಯೂ ಇಲ್ಲ ಎಂದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

ಹಿಂತಿರುಗುವಾಗ ಹೊಲದ ಬದುವಿನ ಮೇಲೆ ಸೈಕಲ್ ನಿಲ್ಲಿಸಿಕೊಂಡು ಯೋಚಿಸಿದೆ. ಕಾಯುವುದೆಂದರೆ ಅವಳು ದಿನಗಳನ್ನು ಕಳೆದುಕೊಳ್ಳುವುದು. ಕಾಯದಿದ್ದರೆ ತೋರಿಸಲು ಒಂದೇ ವಸ್ತು ಇತ್ತು, ಬೂದಿಯ ಮಿದುಳು. ನಗರದ ಪ್ರಯೋಗಾಲಯದಲ್ಲಿ ಅದನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಹುಚ್ಚಿನ ಕುರುಹಾದ ಕೆಂಪು ಕಣಗಳಿವೆಯೇ ಎಂದು ನೋಡುತ್ತಾರೆ. ಬೇಗ ಕೊಂದರೆ ಕಣಗಳು ಕಾಣದೆಯೂ ಹೋಗಬಹುದು ಎಂಬುದು ಗೊತ್ತಿತ್ತು. ಗೊತ್ತಿದ್ದೂ ನಿರ್ಧಾರ ಮಾಡಿದೆ. ನನ್ನ ನಾಯಿ ಎಂಬ ಕಾರಣಕ್ಕೆ ಎರಡು ದಿನ ಹೆಚ್ಚು ಕೊಟ್ಟೆ ಎಂದು ನಾಳೆ ಯಾರೂ ಹೇಳಬಾರದು ಎಂಬ ಯೋಚನೆಯೂ ಅದರಲ್ಲಿ ಸೇರಿತ್ತು. ಎಷ್ಟು ಪಾಲು ಸೇರಿತ್ತು ಎಂದು ಅಳೆಯಲು ಮಾಪಕವಿಲ್ಲ.

ಪಶುವೈದ್ಯರು ವಾದಿಸಲಿಲ್ಲ. "ನಾಯಿ ನಿಮ್ದು, ಆಫೀಸೂ ನಿಮ್ದು" ಎಂದಷ್ಟೇ ಹೇಳಿ ಮಧ್ಯಾಹ್ನ ಎರಡಕ್ಕೆ ಒಂದು ಮರದ ಪೆಟ್ಟಿಗೆ ತಂದರು. ತಲೆಗೆ ಪೆಟ್ಟಾಗಬಾರದು, ಹಾಗಾಗಿ ಕ್ಲೋರೋಫಾರ್ಮ್. ಪೆಟ್ಟಿಗೆಯ ಹಿಂಬದಿಯಲ್ಲಿ ಜಾಲರಿ, ಅದರಾಚೆ ಹತ್ತಿ. ಬೂದಿಯನ್ನು ಇಕ್ಕಳದಲ್ಲಿ ಹಿಡಿದು ಒಳಗೆ ತಳ್ಳಬೇಕೆಂದುಕೊಂಡಿದ್ದೆವು. ಅದರ ಅಗತ್ಯ ಬರಲಿಲ್ಲ. ನಾನು ಪೆಟ್ಟಿಗೆಯ ಹಿಂದೆ ಕುಳಿತು ಹೆಸರು ಹಿಡಿದು ಕರೆದೆ. ಅದು ಎದ್ದು, ವಾಲಿ, ಗೋಡೆಗೆ ತಾಗಿ, ಮತ್ತೆ ಎದ್ದು, ನನ್ನ ದನಿ ಬಂದ ಕಡೆಗೆ ನಡೆದು ಪೆಟ್ಟಿಗೆಯೊಳಗೆ ಬಂತು. ಹಿಂದಿನಿಂದ ಬಾಗಿಲು ಇಳಿಸಿದರು.

ಎಷ್ಟು ಹೊತ್ತು ಹಿಡಿಯಿತು ಎಂದು ಪುಟದಲ್ಲಿದೆ. ಇಲ್ಲಿ ಬರೆಯುವುದಿಲ್ಲ.

ಪಶುವೈದ್ಯರು ರಬ್ಬರ್ ಗವಸು ಹಾಕಿಕೊಂಡು ತಲೆ ಬೇರ್ಪಡಿಸಿದರು. ನನ್ನನ್ನು ಹೊರಗೆ ಹೋಗೆಂದರು, ಹೋಗಲಿಲ್ಲ. ತಲೆಯನ್ನು ಬಟ್ಟೆಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಡಬ್ಬಿಯ ಮುಚ್ಚಳಕ್ಕೆ ಮೇಣ ಹಚ್ಚಿ, ಅದನ್ನು ಮಂಜುಗಡ್ಡೆ ಮತ್ತು ಮರದ ಹೊಟ್ಟು ತುಂಬಿದ ಬಕೆಟ್ಟಿನಲ್ಲಿ ಹೂತೆವು. ಉಳಿದದ್ದನ್ನು ಆಫೀಸಿನ ಹಿಂದಿನ ಖಾಲಿ ಬಯಲಿನಲ್ಲಿ ಆಳವಾದ ಗುಂಡಿ ತೋಡಿಸಿ, ಸುಣ್ಣ ಸುರಿದು ಮುಚ್ಚಿದೆವು. ನಿಯಮ ಹಾಗೆ. ಸುಣ್ಣದ ಚೀಲ ಬಿಚ್ಚಿದವನು ನಾನೇ. ಆಗ ಕೈ ಒಂದು ಕ್ಷಣ ನಿಂತಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ನಿಂತ ನೆನಪಿಲ್ಲ.

ಬಕೆಟ್ಟನ್ನು ಕ್ಯಾರಿಯರ್‌ಗೆ ಕಟ್ಟಿ ಪ್ರಯೋಗಾಲಯಕ್ಕೆ ಹೊರಟೆ. ಮಂಜು ಕರಗಿ ದಾರಿಯುದ್ದಕ್ಕೂ ಹನಿಯುತ್ತಿತ್ತು. ಪರೀಕ್ಷೆಗೆ ಮೂರು ದಿನವೆಂದರು. ಗಾಜಿನಲ್ಲಿ ಕಣ ಕಾಣದಿದ್ದರೆ ಮಿದುಳಿನ ರಸವನ್ನು ಬಿಳಿ ಇಲಿಗಳಿಗೆ ಚುಚ್ಚಿ ತಿಂಗಳು ಕಾಯುತ್ತಾರೆ, ಇಲಿ ಸತ್ತರೆ ಹುಚ್ಚು.

ಮಾರನೆಯ ಬೆಳಿಗ್ಗೆ ಮತ್ತೆ ಪಾಳ್ಯಕ್ಕೆ ಹೋದೆ. ಜಗಲಿಯ ಮೇಲೆ ಕೂರದೆ ನಿಂತುಕೊಂಡೇ, ಮೂರು ದಿನದಲ್ಲಿ ತೋರಿಸುತ್ತೇನೆ, ಅಲ್ಲಿಯವರೆಗೆ ಕಾಯಬೇಡಿ ಎಂದೆ. ಹೇಗೆ ತೋರಿಸುತ್ತೀರಿ ಎಂದು ಅವಳು ಕೇಳಿದಳು. ಹೇಳಿದೆ.

"ಬೂದೀನಾ? ನೀವೇ ನಿಂತ್ಕೊಂಡು ಮಾಡ್ಸಿದ್ರಾ?"

"ಹೌದು."

"ನನ್ ಮಾತಿಗಾ?"

ಅವಳು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು. "ನಡೀರಿ. ಇನ್ನೇನ್ ತೋರಿಸ್ತೀರ ನಂಗೆ."

ಅತ್ತೆ ಗೋಡೆಯ ಕಡೆಗೆ ತಿರುಗಿ ನಿಂತಿದ್ದರು. ಸೊಸೆಗಾಗಿ ಹೆದರಿದ್ದಾರೆ ಎಂದುಕೊಂಡೆ.

ಆ ಮಂಗಳವಾರ ಆಫೀಸಿಗೆ ಬಂದು, ಸಂಜೆ ಆರಕ್ಕೆ ಬೀಗ ತೆಗೆದು, ಏಳನೆಯ ದಿನದ ಪುಟ ತೆರೆದು 'ಹೊತ್ತು' ಎಂಬಲ್ಲಿ ಆರು ಎಂದು ಬರೆದೆ. ಆಮೇಲೆ ಕೋಣೆ ನೋಡಿದೆ. ಬ್ಲೀಚಿಂಗ್ ಪೌಡರಿನ ಚೀಲಗಳನ್ನು ಮತ್ತೆ ಒಳಗಿಡಲು ಯಾರಿಗೂ ಹೇಳಲಿಲ್ಲ. ಮಳೆಗೆ ನೆನೆದು ಹಾಳಾದವು, ಮೇಲಧಿಕಾರಿಗಳಿಂದ ಮೆಮೋ ಬಂತು. ಕೆಲಸ ನಡೆಯುತ್ತಲೇ ಇತ್ತು. ಲಸಿಕೆ ಹಾಕಿದೆ, ಬಾವಿಗಳಿಗೆ ಔಷಧಿ ಹಾಕಿಸಿದೆ. ಮನೆಯಲ್ಲಿ ಅನ್ನ ಮಾತ್ರ ಇಬ್ಬರಿಗಾಗುವಷ್ಟು ಆಗುತ್ತಿತ್ತು. ಅಳತೆ ಕಡಿಮೆ ಮಾಡಲು ಎರಡು ವಾರ ಹಿಡಿಯಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಸಮಾಧಾನ ಹೇಳಲು ಬಂದು, "ಹೋಗ್ಲಿ ಬಿಡಿ, ಬೀದಿ ನಾಯಿ ತಾನೇ, ಇನ್ನೊಂದು ತಂದರಾಯ್ತು" ಎಂದರು. ಅವರಿಗೆ ಕಾಫಿ ಮಾಡಿ ಕೊಟ್ಟೆ.

ಮೂರನೆಯ ದಿನದ ವರದಿ: ಕಣಗಳು ಕಂಡುಬಂದಿಲ್ಲ, ಇದರಿಂದಲೇ ಹುಚ್ಚಿಲ್ಲವೆಂದು ಹೇಳಲಾಗದು, ಇಲಿಗಳಿಗೆ ಚುಚ್ಚಲಾಗಿದೆ. ಅದನ್ನು ಡಾಕ್ಟರಿಗೆ ತೋರಿಸಿದೆ. ಚುಚ್ಚುಮದ್ದು ನಿಲ್ಲಿಸುವ ಹಾಗಿಲ್ಲ ಎಂದರು. ಹಾಲಿನವಳು ಹದಿನಾಲ್ಕನ್ನೂ ತೆಗೆದುಕೊಂಡಳು. ಎಂಟನೆಯದರ ಹೊತ್ತಿಗೆ ಹೊಟ್ಟೆಯ ಸುತ್ತ ಗಂಟುಗಳೆದ್ದು ಜ್ವರ ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆಯ ಭುಜಕ್ಕೆ ತಲೆಯಿಟ್ಟು ಕುಳಿತು, "ಒದೀತಾ ಅದೆ, ಇನ್ನೂ ಒದೀತಾ ಅದೆ" ಎಂದು ಪ್ರತಿ ಸಲ ನನಗೆ ಲೆಕ್ಕ ಒಪ್ಪಿಸುತ್ತಿದ್ದಳು. ಹದಿನಾಲ್ಕು ಮುಗಿದ ಮೇಲೂ ಒದೆಯುತ್ತಿತ್ತು.

ತಿಂಗಳ ಕೊನೆಗೆ ಪ್ರಯೋಗಾಲಯದಿಂದ ಕಾಗದ ಬಂತು. ಇಲಿಗಳೆಲ್ಲ ಬದುಕಿವೆ. ಬೂದಿಗೆ ಹುಚ್ಚು ಹಿಡಿದಿರಲಿಲ್ಲ.

ಹಾಗಾದರೆ ಆ ಬೆಳಿಗ್ಗೆ ಅದಕ್ಕೆ ಆದದ್ದೇನು? ಪಶುವೈದ್ಯರ ಮನೆಗೆ ಹೋಗಿ ಕಾಗದ ಮುಂದಿಟ್ಟೆ. ಅವರು ಓದಿ ಮಡಚಿದರು.

"ಪಾಪೆ ಅಗಲ, ನುಂಗೋಕಾಗಲ್ಲ, ತೂರಾಟ, ಗಾಳೀಲಿ ನೊಣ ಹಿಡಿಯೋದು. ಒಂದೇ ರಾತ್ರೀಲಿ ಬಂದಿದ್ದು. ಬಾಯಿ ಒಣಗಿದ್ದಿದ್ರೆ ವಿಷ ಅಂತಿದ್ದೆ ನಾನು. ನೀವು ನೊರೆ ಅಂದ್ರಿ."

"ನೀವು ಒಣಗಿದೆ ಅಂದ್ರಲ್ಲ."

"ನಾನು ಕೇಳಿದೆ ಕಣ್ರೀ. ಹೇಳೋಷ್ಟು ಬೆಳಕು ಬಾಗಿಲ ಸಂದೀಲಿ ಇರಲಿಲ್ಲ. ಹತ್ತಿರದಿಂದ ನೋಡಿದ್ದು ನೀವು."

ಮಾರನೆಯ ಬೆಳಿಗ್ಗೆ ಅತ್ತೆ ಆಫೀಸಿಗೆ ಬಂದರು. ಕೈಯಲ್ಲಿ ಒಂದು ಸಣ್ಣ ತಂಬಿಗೆ, ಬಾಳೆಲೆಯಿಂದ ಬಾಯಿ ಮುಚ್ಚಿದ್ದು. ಒಳಗೆ ಬರಲು ಹೇಳಿದೆ. ಬರಲಿಲ್ಲ, ಹೊಸ್ತಿಲಾಚೆಯೇ ನಿಂತರು.

"ಸ್ವಾಮಿ, ನಿಮ್ ನಾಯೀನ ಎಲ್ಲಿ ಮಣ್ ಮಾಡಿದ್ರಿ?"

"ಯಾಕಮ್ಮ?"

"ಹಾಲು ತುಪ್ಪ ಬುಡ್ಬೇಕು. ಮೂರ್ ದಿನಕ್ಕೇ ಬುಡ್ಬೇಕಾಗಿತ್ತು, ಸೂಜಿ ಓಡಾಟದಲ್ಲಿ ಆಗ್ಲಿಲ್ಲ."

ನಮ್ಮ ಕಡೆ ಮನುಷ್ಯರನ್ನು ಮಣ್ಣು ಮಾಡಿದ ಮೂರನೆಯ ದಿನ ಮಾಡುವ ಕೆಲಸ ಅದು. ನಾಯಿಗೆ ಯಾರೂ ಮಾಡುವುದಿಲ್ಲ. ನಾನು ಹಾಗೆಂದೆ.

"ನನ್ ಸೊಸೆ ಪಾಲಿಂದು ಅದು ತಗಂಡು ಹೋಯ್ತಲ್ಲ" ಎಂದರು. ಆಮೇಲೆ, ಇಷ್ಟು ದಿನ ಬಾಯಲ್ಲಿಟ್ಟುಕೊಂಡಿದ್ದನ್ನು ಉಗುಳುವಂತೆ ಹೇಳಿದರು. "ಮದ್ದು ಹಾಕಿದ್ದೆ ಸ್ವಾಮಿ ನಾನು. ಹಿಡೀಲಿಲ್ಲ."

ಚಿಕ್ಕಲಸಂದ್ರದಾಚೆ ಹುಚ್ಚುನಾಯಿ ಕಡಿತಕ್ಕೆ ಮದ್ದು ಕೊಡುವ ಒಬ್ಬ ನಾಟಿ ವೈದ್ಯನಿದ್ದನಂತೆ. ಭಾನುವಾರ ಅವರು ಅಲ್ಲಿಗೆ ನಡೆದುಕೊಂಡು ಹೋಗಿದ್ದರು. ಕಡಿಸಿಕೊಂಡವರಿಗೂ ಕಡಿದದ್ದಕ್ಕೂ ಇಬ್ಬರಿಗೂ ಕೊಡಬೇಕು ಎಂಬುದು ಅವನ ಪದ್ಧತಿ. ಉಮ್ಮತ್ತಿ ಬೀಜ ಅರೆದು ಬೆಲ್ಲದಲ್ಲಿ ಕಲಸಿದ ಎರಡು ಉಂಡೆ ಕೊಟ್ಟ. ಸೊಸೆ ಬಸುರಿ ಎಂದಾಗ ಅವಳಿಗೆ ಬೇಡ, ನಾಯಿಗಷ್ಟೇ ಹಾಕು ಎಂದ. ಅವಳ ಪಾಲನ್ನು ದಂಡ ಮಾಡಬಾರದೆಂದು ಇವರು ಎರಡನ್ನೂ ರಾಗಿಮುದ್ದೆಯೊಳಗಿಟ್ಟು ಕಿಟಕಿಯಿಂದ ಹಾಕಿದರು.

"ನೀವೇ ಅಲ್ವಾ ಅಂದಿದ್ದು, ನಾಯಿ ಉಳಿದ್ರೆ ನಿಮ್ ಸೊಸೆ ಉಳಕಂಡಂಗೆ ಅಂತ? ಅದಕ್ಕೇ ನಾಯೀನ ಉಳಿಸ್ಕಳನಾ ಅಂತ..."

ಉಮ್ಮತ್ತಿಯ ಗುಣ ನಾನು ಕಾಲೇಜಿನಲ್ಲಿ ಓದಿದ್ದೆ. ಪಾಪೆ ಅಗಲವಾಗುತ್ತದೆ, ಗಂಟಲು ಕಟ್ಟುತ್ತದೆ, ಬಾಯಿ ಬಟ್ಟೆಯಂತೆ ಒಣಗುತ್ತದೆ, ಇಲ್ಲದ್ದು ಕಾಣುತ್ತದೆ. ತಡೆದುಕೊಂಡರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಇನ್ನೆರಡು ದಿನ ಬಿಡಿ ಎಂದು ಪಶುವೈದ್ಯರು ಹೇಳಿದ್ದರು.

ನನಗೆ ಕೋಪ ಬಂತು. ಆ ಕೋಪ ಎತ್ತ ಕಡೆ ಹೋಗಬೇಕೆಂದು ತಿಳಿಯದೆ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದೆ. ಪ್ರಯೋಗಾಲಯದ ಕಾಗದ ಎಲ್ಲಕ್ಕಿಂತ ಮೇಲಿತ್ತು. ಅವರಿಗೆ ಓದು ಬಾರದು.

"ಒಂದ್ ಮಾತ್ ಕೇಳ್ತೀನಿ, ನಿಜ ಹೇಳ್ಬೇಕು ನೀವು" ಎಂದರು. "ನನ್ ಮದ್ದಿಂದೇ ಏನಾರ ಹೆಚ್ಚು ಕಮ್ಮಿ ಆಯ್ತಾ ಅದಕ್ಕೆ? ಈಚೀಚೆಗೆ ನಂಗೆ ನಿದ್ದೆ ಬರಾಕಿಲ್ಲ."

ನಾನು ಏನನ್ನೂ ಪರೀಕ್ಷಿಸದೆ ನಂಬಬಾರದೆಂದು ಕಲಿತವನು, ಊರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದವನು. ದೇವರು, ದೆವ್ವ, ಜಾತಕ ಯಾವುದಕ್ಕೂ ತಲೆಬಾಗಿದವನಲ್ಲ. ಅವರು ನನ್ನಿಂದ ಕೇಳಿದ್ದು ನಿಜವನ್ನು. ನಿಜ ನನ್ನ ಕೈ ಕೆಳಗೇ ಇತ್ತು.

"ಇಲ್ಲಮ್ಮ" ಎಂದೆ. "ನೀವು ಹಾಕೋಕೆ ಮೊದಲೇ ಅದಕ್ಕೆ ಹುಚ್ಚು ಹಿಡಿದಿತ್ತು."

"ನಿಜವಾಗ್ಲೂ?"

"ನಿಜ. ಕಾಗದ ಬಂದಿದೆ, ನೋಡಿ."

ಅವರು ಕಾಗದದ ಕಡೆ ನೋಡಿ, ಕಣ್ಣು ಮುಚ್ಚಿ, ಉಸಿರು ಬಿಟ್ಟರು. ಆ ಹೆಂಗಸಿನ ಮೇಲಿನ ಕರುಣೆಯಿಂದ ಹಾಗೆ ಹೇಳಿದೆ ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ನಿಜ ಹೇಳಿದ್ದರೆ, ಬದುಕಬಹುದಾಗಿದ್ದ ನಾಯಿಯನ್ನು ಹೆಸರು ಹಿಡಿದು ಕರೆದು ಪೆಟ್ಟಿಗೆಗೆ ಹಾಕಿದವನು ಯಾರು ಎಂಬುದೂ ಅದರ ಹಿಂದೆಯೇ ಬರುತ್ತಿತ್ತು. ಆ ಕ್ಷಣದಲ್ಲಿ ನಾನು ಯಾರನ್ನು ಕಾಪಾಡಿದೆ ಎಂದು ಈಗ ಪ್ರಮಾಣ ಮಾಡಿ ಹೇಳಲಾರೆ.

ಅವರನ್ನು ಹಿಂದಿನ ಬಯಲಿಗೆ ಕರೆದುಕೊಂಡು ಹೋದೆ. ತಿಂಗಳಲ್ಲಿ ಅಲ್ಲಿ ಅಡ್ಡರಸ್ತೆಯ ಕೆಲಸ ಶುರುವಾಗಿತ್ತು. ಮಣ್ಣು ಸಮ ಮಾಡಿ, ಜಲ್ಲಿ ಹರಡಿ, ರೋಲರ್ ಓಡಿಸಿದ್ದರು. ಗುಂಡಿ ತೋಡಿಸಿದಾಗ ಆಫೀಸಿನ ಗೋಡೆಯಿಂದ ಎಷ್ಟು ಹೆಜ್ಜೆ ಎಂದು ನಾನು ಎಣಿಸಿರಲಿಲ್ಲ. ಹತ್ತಿರ ಒಂದು ಲಂಟಾನ ಪೊದೆಯಿತ್ತು ಎಂದು ನೆನಪು. ಈಗ ಎಲ್ಲೂ ಪೊದೆಯಿರಲಿಲ್ಲ. ಗೋಡೆಯಿಂದ ನಡೆದೆ, ನಿಂತೆ, ಹಿಂದೆ ನೋಡಿದೆ, ಎಡಕ್ಕೆ ಸ್ವಲ್ಪ ಸರಿದೆ.

"ಇಲ್ಲೇನಾ ಸ್ವಾಮಿ?"

"ಇಲ್ಲೇ" ಎಂದೆ.

ಅವರು ಜಲ್ಲಿಯನ್ನು ಅಂಗೈಯಗಲ ಪಕ್ಕಕ್ಕೆ ಸರಿಸಿ, ಕುಕ್ಕರುಗಾಲಿನಲ್ಲಿ ಕುಳಿತು, ಬಾಳೆಲೆ ತೆಗೆದು, ತಂಬಿಗೆಯನ್ನು ನಿಧಾನವಾಗಿ ಬಗ್ಗಿಸಿದರು. ಗಟ್ಟಿ ಹಾಲು, ಮೇಲೆ ತುಪ್ಪದ ಹನಿಗಳು. ರೋಲರ್ ಓಡಿದ ನೆಲ ಅದನ್ನು ಬೇಗ ಕುಡಿಯಲಿಲ್ಲ. ಹಾಲು ಅಲ್ಲೇ ನಿಂತು, ಆಮೇಲೆ ನನ್ನ ಚಪ್ಪಲಿಯ ಕಡೆಗೆ ಹರಿದು ಬಂತು.

"ನೀವೂ ಒಂದ್ ತೊಟ್ಟು ಬುಡಿ" ಎಂದು ತಂಬಿಗೆ ನನ್ನ ಕಡೆ ಚಾಚಿದರು. "ಸಾಕಿದೋರು ನೀವಲ್ವಾ."

ತಂಬಿಗೆ ತೆಗೆದುಕೊಂಡು, ಅದು ಇದ್ದಿರಬಹುದು ಎಂದು ನಾನು ಹೇಳಿದ ಜಾಗಕ್ಕೆ ಉಳಿದ ಹಾಲನ್ನು ಬಿಟ್ಟೆ.